ಯಕ್ಷ್ಮಪರ್ವ: ಮದರಾಸಿನಿಂದ ಮಂಗಳೂರಿನವರೆಗೆ

ದಕ್ಷನ ಶಾಪಕ್ಕೆ ಗುರಿಯಾಗಿ ಚಂದ್ರನು ದಿನದಿನಕ್ಕೆ ಕ್ಷಯಿಸಿದ ಕಥೆಯನ್ನು ಕೇಳುತ್ತ ಬೆಳೆದ ಜನ ನಾವು. ಇಪ್ಪತ್ತೇಳು ಮಡದಿಯರಲ್ಲಿ ರೋಹಿಣಿಯೊಬ್ಬಳನ್ನೇ ಮೆಚ್ಚಿದ ತಪ್ಪಿಗಾಗಿ ನಕ್ಷತ್ರಾಧಿಪತಿಯನ್ನೇ ಹಿಡಿದ ಆ ವ್ಯಾಧಿಯನ್ನು ನಮ್ಮ ಪ್ರಾಚೀನ ವೈದ್ಯರು ರಾಜಯಕ್ಷ್ಮವೆಂದು ಕರೆದರು. ಚರಕಸಂಹಿತೆಯಲ್ಲಿ ಅದಕ್ಕೆ ಪ್ರತ್ಯೇಕ ಅಧ್ಯಾಯವೇ ಮೀಸಲಾಯಿತು. ಕದಂಬರು ಬಂದರು, ಚಾಲುಕ್ಯರು ಬಂದರು, ರಾಷ್ಟ್ರಕೂಟರೂ ಹೊಯ್ಸಳರೂ ವಿಜಯನಗರದ ಅರಸರೂ ತಮ್ಮ ತಮ್ಮ ಸರದಿಯನ್ನು ಮುಗಿಸಿ ಇತಿಹಾಸಕ್ಕೆ ಸಂದರು. ಈ ರೋಗರಾಜನೊಬ್ಬ ಮಾತ್ರ ಸಿಂಹಾಸನವನ್ನು ಬಿಟ್ಟಿಳಿಯಲಿಲ್ಲ. 1901ರ ಫೆಬ್ರವರಿಯಲ್ಲಿ, ಇನ್ನೂ ಮೂವತ್ತೊಂದರ ಹರೆಯದಲ್ಲಿದ್ದ ನಂದಳಿಕೆಯ ಮುದ್ದಣನನ್ನು ಕನ್ನಡದ ಮಡಿಲಿನಿಂದ ಕಸಿದುಕೊಂಡವನು ಇವನೇ. ಮೈಸೂರು ಅರಮನೆಯ ಹೊಸ್ತಿಲೂ ಇವನಿಗೆ ಅಡ್ಡಿಯಾಗಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿ ಕೃಷ್ಣಾಜಮ್ಮಣ್ಣಿಯವರು ಕ್ಷಯಕ್ಕೆ ಬಲಿಯಾದರು. ಅವರ ಸ್ಮರಣಾರ್ಥವಾಗಿ ಮೈಸೂರಿನಲ್ಲಿ ತಲೆಯೆತ್ತಿದ ಆರೋಗ್ಯಧಾಮವನ್ನು ಊರಿನವರು ಇಂದಿಗೂ ಪಿ.ಕೆ. ಸ್ಯಾನಿಟೋರಿಯಂ ಎಂದೇ ಕರೆಯುತ್ತಾರೆ. ಅರಸನೊಬ್ಬ ತನ್ನ ಮನೆಯ ಶೋಕವನ್ನು ಪ್ರಜೆಗಳ ಆಸರೆಯಾಗಿ ಮಾರ್ಪಡಿಸಿದ ಆ ಕಾರ್ಯವನ್ನು ನಾವು ಕೃತಜ್ಞತೆಯಿಂದಲೇ ನೆನೆಯಬೇಕು.

ಅಂದಿನ ಯುಗಧರ್ಮವೇ ಆರೋಗ್ಯಧಾಮದ್ದು. ಔಷಧವಿಲ್ಲದ ಕಾಲದಲ್ಲಿ ಶುದ್ಧ ವಾಯು, ನಿರಂತರ ವಿಶ್ರಾಂತಿ, ಹಾಲು ಮೊಟ್ಟೆಗಳ ಪುಷ್ಟಾಹಾರ, ಇವೇ ಚಿಕಿತ್ಸೆಯ ತ್ರಿವಿಧ ಸ್ತಂಭಗಳಾಗಿದ್ದವು. ಯೂರೋಪಿನ ಪರ್ವತಶ್ರೇಣಿಗಳಲ್ಲಿ ಹುಟ್ಟಿದ ಈ ಸಂಪ್ರದಾಯ ಮದನಪಲ್ಲಿಯ ಬಳಿಯ ಆರೋಗ್ಯವರಂಗೂ ಮದರಾಸಿನ ಹೊರವಲಯದ ತಾಂಬರಂಗೂ ಹಿಮಾಲಯದ ತಪ್ಪಲಿನ ಭೋವಾಲಿಗೂ ಹಬ್ಬಿತು. ಉಳ್ಳವರು ಅಲ್ಲಿ ತಿಂಗಳುಗಟ್ಟಲೆ ಮಲಗಿದರು. ಇಲ್ಲದವರು ಮನೆಯ ಮೂಲೆಯಲ್ಲಿ ಕೆಮ್ಮುತ್ತ ಕಣ್ಮುಚ್ಚಿದರು. ಭೋವಾಲಿಯಲ್ಲಿದ್ದು ಬಂದ ಕಮಲಾ ನೆಹರೂ ಕೊನೆಗೆ 1936ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್ ನಗರದಲ್ಲಿ ಪ್ರಾಣಬಿಟ್ಟರು. ಸಿರಿಯಾಗಲಿ, ಕುಲವಾಗಲಿ, ಕೀರ್ತಿಯಾಗಲಿ ರಕ್ಷೆಯಾಗದ ಆ ಶತ್ರುವಿನ ಮುಖವನ್ನಾದರೂ ಮನುಷ್ಯ ಕಂಡದ್ದು ಅದಕ್ಕೂ ಅರ್ಧ ಶತಮಾನ ಮೊದಲು, 1882ರ ಮಾರ್ಚ್ 24ರ ಸಂಜೆ. ಬರ್ಲಿನ್ನಿನ ಶರೀರಕ್ರಿಯಾಶಾಸ್ತ್ರ ಸಂಘದ ಸಭೆಯಲ್ಲಿ ರಾಬರ್ಟ್ ಕಾಕ್ ತನ್ನ ಸೂಕ್ಷ್ಮದರ್ಶಕಗಳನ್ನು ಸಾಲಾಗಿ ಇರಿಸಿ, ಮನುಷ್ಯರಲ್ಲಿ ಏಳಕ್ಕೊಬ್ಬರನ್ನು ಕೊಲ್ಲುವ ಜೀವಿ ಇದೇ ಎಂದು ತೋರಿಸಿದಾಗ ಆ ವಿದ್ವತ್ಸಭೆಯಲ್ಲಿ ಎದುರಾಡುವವರೇ ಇರಲಿಲ್ಲ. ಆದರೆ ಕೀರ್ತಿಯ ಶಿಖರದಲ್ಲಿ ನಿಂತವನ ಹೆಜ್ಜೆಯೂ ಜಾರಬಲ್ಲದು. 1890ರಲ್ಲಿ ಕಾಕ್ ಕ್ಷಯಕ್ಕೆ ಮದ್ದು ದೊರೆಯಿತೆಂದು ಸಾರಿದ. ಟ್ಯೂಬರ್ಕ್ಯುಲಿನ್ ಎಂಬ ಆ ದ್ರವಕ್ಕಾಗಿ ಖಂಡಾಂತರದ ರೋಗಿಗಳು ಬರ್ಲಿನ್ನಿಗೆ ಮುಗಿಬಿದ್ದರು. ವರ್ಷ ಕಳೆಯುವಷ್ಟರಲ್ಲಿ ಅದು ಯಾರನ್ನೂ ಗುಣಪಡಿಸದೆಂಬುದು ಬಯಲಾಯಿತು. ಮದ್ದೊಂದು ನಿಜವಾಗಿ ಮದ್ದೇ ಎಂದು ನಿರ್ಣಯಿಸುವ ನ್ಯಾಯಪೀಠವೇ ಆಗ ಲೋಕದಲ್ಲಿ ಇರಲಿಲ್ಲ.

ಆ ನ್ಯಾಯಪೀಠ ಸ್ಥಾಪನೆಯಾದದ್ದು ಎರಡನೆಯ ಮಹಾಯುದ್ಧದ ಬೂದಿಯ ಮೇಲೆ. 1943ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಸೆಲ್ಮನ್ ವಾಕ್ಸ್‌ಮನ್ನನ ಪ್ರಯೋಗಶಾಲೆಯಲ್ಲಿ ಆಲ್ಬರ್ಟ್ ಷಾಟ್ಜ್ ಎಂಬ ತರುಣ ಮಣ್ಣಿನ ಸೂಕ್ಷ್ಮಾಣುವೊಂದರಿಂದ ಸ್ಟ್ರೆಪ್ಟೊಮೈಸಿನ್ ಪಡೆದಿದ್ದ. ಯುದ್ಧದಿಂದ ಬರಿದಾದ ಬ್ರಿಟನ್ನಿಗೆ ಅದನ್ನು ಧಾರಾಳವಾಗಿ ಕೊಳ್ಳುವಷ್ಟು ಡಾಲರುಗಳಿರಲಿಲ್ಲ. ಎಲ್ಲರಿಗೂ ಕೊಡಲಾಗದ ಮದ್ದನ್ನು ಯಾರಿಗೆ ಕೊಡಬೇಕು? ಈ ಧರ್ಮಸಂಕಟಕ್ಕೆ ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಎಂಬ ಸಂಖ್ಯಾಶಾಸ್ತ್ರಜ್ಞ ನೀಡಿದ ಉತ್ತರ ಯುಗಪ್ರವರ್ತಕವಾಯಿತು. ತಾನೂ ಯೌವನದಲ್ಲಿ ಕ್ಷಯದಿಂದ ಹಾಸಿಗೆ ಹಿಡಿದಿದ್ದವನು ಅವನು. ಯಾವ ರೋಗಿಗೆ ಮದ್ದು, ಯಾರಿಗೆ ಬರಿಯ ವಿಶ್ರಾಂತಿ ಎಂಬುದನ್ನು ವೈದ್ಯನ ಮಮತೆಗಾಗಲಿ ರೋಗಿಯ ಅಂತಸ್ತಿಗಾಗಲಿ ಬಿಡದೆ, ಯಾದೃಚ್ಛಿಕ ಅಂಕಿಗಳ ಪಟ್ಟಿಯಿಂದ ಮೊದಲೇ ನಿಗದಿಪಡಿಸಿ, ಚೀಟಿಗಳನ್ನು ಲಕೋಟೆಗಳಲ್ಲಿಟ್ಟು ಮೊಹರು ಮಾಡಲಾಯಿತು. ರೋಗಿಯನ್ನು ಸೇರಿಸಿಕೊಂಡ ಮೇಲಷ್ಟೇ ಲಕೋಟೆ ಒಡೆಯಬೇಕು. ಒಳಗೆ ಬರೆದದ್ದೇ ತೀರ್ಪು. ಮದ್ದು ಪಡೆದವರು 55 ಮಂದಿ, ಪಡೆಯದವರು 52. ಆರು ತಿಂಗಳು ಕಳೆದಾಗ ಮೊದಲ ಗುಂಪಿನಲ್ಲಿ ನಾಲ್ವರು, ಎರಡನೆಯದರಲ್ಲಿ ಹದಿನಾಲ್ವರು ಮೃತರಾಗಿದ್ದರು. 1948ರಲ್ಲಿ ಪ್ರಕಟವಾದ ಈ ವರದಿಯೊಂದಿಗೆ ಸ್ಟ್ರೆಪ್ಟೊಮೈಸಿನ್ನಿಗೆ ಪಟ್ಟಾಭಿಷೇಕವಾಯಿತು. ಆದರೆ ಅದರ ಆಳ್ವಿಕೆ ಅಲ್ಪಾಯು. ಒಂಟಿ ಮದ್ದಿಗೆ ರೋಗಾಣು ಬಹುಬೇಗ ಮಣಿಯದಾಯಿತು, ಐದು ವರ್ಷಗಳ ಬಳಿಕ ಎಣಿಸಿದಾಗ ಎರಡು ಗುಂಪುಗಳ ಸಾವಿನ ನಡುವಣ ಅಂತರ ಬಹುಪಾಲು ಕರಗಿಹೋಗಿತ್ತು. ಎರಡು ಮದ್ದುಗಳನ್ನು ಜತೆಗೂಡಿಸಿದರೆ ಮಾತ್ರ ಶತ್ರು ಮಣಿಯುತ್ತಾನೆಂಬ ಪಾಠ ಆ ಸೋಲಿನಿಂದಲೇ ಬಂತು; ಸ್ವೀಡನ್ನಿನಲ್ಲಿ ಹುಟ್ಟಿದ ಪಿಎಎಸ್, 1952ರಲ್ಲಿ ಬೆಳಕಿಗೆ ಬಂದ ಐಸೋನಿಯಾಜಿಡ್ ಆ ಸೇನೆಯನ್ನು ಸೇರಿದವು. ಈ ಕಥನದಲ್ಲಿ ಪಟ್ಟವೇರಿದ ಬಹುತೇಕ ಮದ್ದುಗಳೂ ಸಿದ್ಧಾಂತಗಳೂ ಒಂದಲ್ಲ ಒಂದು ದಿನ ಕೆಳಗಿಳಿದವು; ಪಟ್ಟ ಕಟ್ಟುವ, ಪಟ್ಟದಿಂದಿಳಿಸುವ ಅಧಿಕಾರ ಮಾತ್ರ ಅಂದಿನಿಂದ ಇಂದಿನವರೆಗೂ ಆ ಮೊಹರಿನ ಲಕೋಟೆಯ ಕೈಯಲ್ಲಿಯೇ ಉಳಿದಿದೆ.

ಸ್ವಾತಂತ್ರ್ಯದ ಪ್ರಥಮ ದಶಕದ ಭಾರತವನ್ನು ಈಗ ಕಣ್ಣಮುಂದೆ ತಂದುಕೊಳ್ಳಿ. ರೋಗಿಗಳು ಲಕ್ಷೋಪಲಕ್ಷ, ಕ್ಷಯಕ್ಕೆಂದು ಮೀಸಲಾದ ಹಾಸಿಗೆಗಳ ಎಣಿಕೆ ಸಹಸ್ರಗಳಲ್ಲಿ. ಆರೋಗ್ಯಧಾಮವೊಂದೇ ಮಾರ್ಗವೆನ್ನುವುದಾದರೆ ಈ ದೇಶದ ಬಡವನಿಗೆ ಮಾರ್ಗವೇ ಇಲ್ಲವೆಂದು ಅರ್ಥ. ಆಗ, 1956ರಲ್ಲಿ, ಮದರಾಸಿನ ಚೆಟ್‌ಪೇಟೆಯಲ್ಲಿ ಕ್ಷಯ ಔಷಧೋಪಚಾರ ಕೇಂದ್ರವೊಂದು ಬಾಗಿಲು ತೆರೆಯಿತು. ಭಾರತೀಯ ವೈದ್ಯಕೀಯ ಸಂಶೋಧನ ಮಂಡಳಿ, ಮದರಾಸು ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ, ಬ್ರಿಟನ್ನಿನ ವೈದ್ಯಕೀಯ ಸಂಶೋಧನ ಮಂಡಳಿ, ಇವು ನಾಲ್ಕೂ ಕೈಜೋಡಿಸಿದವು. ವಾಲೆಸ್ ಫಾಕ್ಸ್ ಎಂಬ ಆಂಗ್ಲ ವೈದ್ಯ ಮುಂದಾಳಾದ. ಅಲ್ಲಿ ಕೇಳಿದ ಪ್ರಶ್ನೆ ಸರಳವಾಗಿತ್ತು, ಆದರೆ ಅದನ್ನು ಕೇಳುವ ಧೈರ್ಯ ಅದುವರೆಗೆ ಯಾರಿಗೂ ಬಂದಿರಲಿಲ್ಲ. ಮದ್ದುಗಳೂ ಅವಧಿಯೂ ಒಂದೇ ಆಗಿದ್ದರೆ, ಆರೋಗ್ಯಧಾಮವಿಲ್ಲದೆ ಮನೆಯಲ್ಲೇ ರೋಗ ವಾಸಿಯಾದೀತೆ? ಅರ್ಧದಷ್ಟು ರೋಗಿಗಳು ತಾಂಬರಂ ಆರೋಗ್ಯಧಾಮದ ಹಾಸಿಗೆಯಲ್ಲಿ, ಉಳಿದರ್ಧ ಮದರಾಸಿನ ಕಿಕ್ಕಿರಿದ ಕೇರಿಗಳ ಒಂದೇ ಕೋಣೆಯ ಮನೆಗಳಲ್ಲಿ. ಯಾರು ಎಲ್ಲಿಗೆ ಎಂಬುದನ್ನು ಲಕೋಟೆಯೇ ಹೇಳಬೇಕು. ತಾಂಬರಂನಲ್ಲಿ ಗಾಳಿ, ನೆರಳು, ಹೊತ್ತುಹೊತ್ತಿಗೆ ಊಟ, ದಾದಿಯರ ಆರೈಕೆ. ಇತ್ತ ಕೇರಿಯಲ್ಲಿ ಅರೆಹೊಟ್ಟೆ, ಹೊಗೆ, ಒಂದೇ ಚಾಪೆಯ ಮೇಲೆ ಸಾಲಾಗಿ ಮಲಗುವ ಮಕ್ಕಳು, ದುಡಿಯದಿದ್ದರೆ ಒಲೆ ಉರಿಯದ ಸ್ಥಿತಿ.

ಆ ರೋಗಿಗಳ ಹೆಸರುಗಳನ್ನು ಚರಿತ್ರೆ ಉಳಿಸಿಕೊಂಡಿಲ್ಲ. ಒಟ್ಟು 193 ಮಂದಿ, ಕಡುಬಡವರು. ಹಲವರ ಶ್ವಾಸಕೋಶಗಳಲ್ಲಿ ಆಗಲೇ ಕುಹರಗಳು ಬಿದ್ದಿದ್ದವು. ಮನೆಯಲ್ಲಿದ್ದವರು ವಾರಕ್ಕೊಮ್ಮೆ ಕೇಂದ್ರಕ್ಕೆ ಬಂದು ಮದ್ದು ಒಯ್ಯಬೇಕಿತ್ತು. ನುಂಗಿದರೋ ಬಿಸಾಡಿದರೋ ತಿಳಿಯಲು ಸಿಬ್ಬಂದಿ ಮುನ್ಸೂಚನೆಯಿಲ್ಲದೆ ಮನೆಬಾಗಿಲಿಗೆ ಹೋಗಿ, ಉಳಿದ ಮದ್ದನ್ನು ಎಣಿಸಿ, ಮೂತ್ರದ ಮಾದರಿ ತಂದು ಅದರಲ್ಲಿ ಪಿಎಎಸ್ ಇದೆಯೇ ಎಂದು ಪರೀಕ್ಷಿಸುತ್ತಿದ್ದರು. ಸಿಬ್ಬಂದಿಯ ಈ ಜಾಗರೂಕತೆಯೂ ರೋಗಿಗಳ ಆ ಸಹನೆಯೂ ಸೇರಿ ಬರೆದ ಗ್ರಂಥವೇ 1959ರ ವರದಿ. ಒಂದು ವರ್ಷದ ಚಿಕಿತ್ಸೆ ಮುಗಿದಾಗ ಆರೋಗ್ಯಧಾಮದವರಲ್ಲಿ ನೂರಕ್ಕೆ 92 ಮಂದಿಯಲ್ಲಿ, ಮನೆಯವರಲ್ಲಿ ನೂರಕ್ಕೆ 86 ಮಂದಿಯಲ್ಲಿ ರೋಗ ಶಮನವಾಗಿತ್ತು. ಐದು ವರ್ಷ ಬೆನ್ನುಹತ್ತಿ ನೋಡಿದರೂ ಎರಡು ಗುಂಪುಗಳ ನಡುವೆ ಎದ್ದುಕಾಣುವ ವ್ಯತ್ಯಾಸವಿರಲಿಲ್ಲ. ಇನ್ನೂ ಅಚ್ಚರಿಯ ಸಂಗತಿಯೆಂದರೆ, ರೋಗಿಯೊಡನೆ ಅದೇ ಕೋಣೆಯಲ್ಲಿ ಉಸಿರಾಡಿದ ಹೆಂಡಿರು ಮಕ್ಕಳಿಗೆ, ರೋಗಿಯನ್ನು ದೂರ ಕಳಿಸಿದ ಕುಟುಂಬಗಳವರಿಗಿಂತ ಹೆಚ್ಚು ಅಪಾಯವಾಗಿರಲಿಲ್ಲ. ಸೋಂಕು ತಗುಲುವುದಿದ್ದರೆ ಚಿಕಿತ್ಸೆಗೆ ಮುನ್ನವೇ ತಗುಲಿರುತ್ತಿತ್ತು, ಮದ್ದು ಆರಂಭವಾದೊಡನೆ ಹರಡುವಿಕೆ ಕುಗ್ಗುತ್ತಿತ್ತು. ಪರ್ವತಶಿಖರಗಳ ಮೇಲೆ ಸುಮಾರು ನೂರು ವರ್ಷ ಮೆರೆದ ಆರೋಗ್ಯಧಾಮದ ಸಾಮ್ರಾಜ್ಯ ಮದರಾಸಿನ ಕೇರಿಯಲ್ಲಿ ಪತನವಾಯಿತು. ಯೂರೋಪ್ ಅಮೆರಿಕಗಳ ಆರೋಗ್ಯಧಾಮಗಳೂ ಒಂದೊಂದಾಗಿ ಬರಿದಾದವು. ಜಗತ್ತಿನ ಚಿಕಿತ್ಸಾಪದ್ಧತಿಯನ್ನು ಬದಲಿಸಿದ ಈ ತೀರ್ಪು ಬಂದದ್ದು ನಮ್ಮ ದಕ್ಷಿಣದೇಶದ ಅಕ್ಷರವರಿಯದ ಕೂಲಿಕಾರರ ಮೈಯಿಂದ ಎಂಬುದನ್ನು ಶಾಲೆಯ ಪಾಠಪುಸ್ತಕಗಳು ಹೇಳಬೇಕಾಗಿತ್ತು. ಅವು ಹೇಳದಿರುವುದು ನಮ್ಮ ಸ್ಮೃತಿಗೆ ಬಂದ ಕುಂದು.

ಯುದ್ಧವನ್ನು ನಗರದಲ್ಲಿ ಗೆದ್ದರಾಯಿತೆ? 1955ರಿಂದ 58ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆ ಮತ್ತೊಂದು ಭ್ರಮೆಯನ್ನು ಹರಿದಿತ್ತು: ಕ್ಷಯ ಪಟ್ಟಣದ ಪಿಡುಗೆಂಬ ಮಾತು ಸುಳ್ಳು, ಹಳ್ಳಿಗಳಲ್ಲಿಯೂ ಅದು ಅಷ್ಟೇ ಬೇರೂರಿದೆ. ಆ ಹಳ್ಳಿಗಳ ದಂಡಯಾತ್ರೆಗೆ ರಾಜಧಾನಿಯಾದದ್ದು ಬೆಂಗಳೂರು. ಬಳ್ಳಾರಿ ರಸ್ತೆಯ, ಒಮ್ಮೆ ಮೈಸೂರು ಅರಸರಿಗೆ ಸೇರಿದ್ದ ಅವಲಾನ್ ಸೌಧದಲ್ಲಿ 1959ರಲ್ಲಿ ರಾಷ್ಟ್ರೀಯ ಕ್ಷಯ ಸಂಸ್ಥೆ ನೆಲೆಗೊಂಡಿತು. 1960ರ ಸೆಪ್ಟೆಂಬರ್ 16ರಂದು ಅದನ್ನು ವಿಧ್ಯುಕ್ತವಾಗಿ ಉದ್ಘಾಟಿಸಿದವರು ಜವಾಹರಲಾಲ್ ನೆಹರೂ. ಈ ರೋಗಕ್ಕೆ ಮಡದಿಯನ್ನು ತೆತ್ತ ಪ್ರಧಾನಿ ಅಂದು ಆ ಮೆಟ್ಟಿಲುಗಳನ್ನು ಹತ್ತುವಾಗ ಅವರ ಮನದಲ್ಲಿ ಏನು ಸುಳಿಯಿತೋ! ಅದೇ ಕಾಲದಲ್ಲಿ ಅಲ್ಲಿ ದುಡಿದ ಡೆನ್ಮಾರ್ಕಿನ ಹಾಫ್‌ಡಾನ್ ಮಾಲರ್ ಮುಂದೆ ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕನಾದ. ಸಂಸ್ಥೆಯ ತಂಡಗಳು ತುಮಕೂರು ಜಿಲ್ಲೆಯ ಹಳ್ಳಿಹಳ್ಳಿಗೆ ಹೋದವು. ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಅಲ್ಲಿನ ರೋಗಿಗಳೊಡನೆ ಕುಳಿತು ಮಾತಾಡಿದಾಗ ತಿಳಿದುಬಂದದ್ದು ಆಳುವವರು ತಲೆತಗ್ಗಿಸಬೇಕಾದ ಸತ್ಯ. ಹಳ್ಳಿಗನಿಗೆ ರೋಗದ ಅರಿವಿಲ್ಲ, ಅವನು ಮಂತ್ರವಾದಿಯ ಬಳಿಗೆ ಹೋಗುತ್ತಾನೆ, ಅವನನ್ನು ಹುಡುಕಿಕೊಂಡು ಎಕ್ಸ್‌ರೇ ಗಾಡಿ ಹೋಗಬೇಕು ಎಂದು ಪಂಡಿತರು ನಂಬಿದ್ದರು. ಆದರೆ ಕಫದಲ್ಲಿ ರೋಗಾಣುವಿದ್ದ ಗ್ರಾಮಸ್ಥರಲ್ಲಿ ಸುಮಾರು ಅರ್ಧದಷ್ಟು ಮಂದಿ ಆಗಲೇ ಸರ್ಕಾರಿ ಆಸ್ಪತ್ರೆ ದವಾಖಾನೆಗಳ ಬಾಗಿಲು ತಟ್ಟಿದ್ದರು. ಬಾಟಲಿಯಲ್ಲಿ ಕೆಮ್ಮಿನ ಔಷಧ ತುಂಬಿಸಿ ಅವರನ್ನು ಹಿಂದಕ್ಕೆ ಕಳಿಸಲಾಗಿತ್ತು. ಅಜ್ಞಾನ ಇದ್ದದ್ದು ಮೇಜಿನ ಈಚೆಗಲ್ಲ, ಆಚೆಗೆ. ಗಾಜಿನ ತುಣುಕಿನ ಮೇಲೆ ಕಫವನ್ನು ಸವರಿ, ಬಣ್ಣ ಹಾಕಿ, ನೀಲಿ ಹಿನ್ನೆಲೆಯಲ್ಲಿ ಕೆಂಪು ಕಡ್ಡಿಗಳನ್ನು ಹುಡುಕುವ ಸರಳ ಪರೀಕ್ಷೆಯೊಂದು ತಾಲ್ಲೂಕಿನ ಆಸ್ಪತ್ರೆಯಲ್ಲೇ ಇದ್ದರೆ ಸಾಕೆಂಬ ನಿರ್ಧಾರ ಇದರಿಂದ ಹುಟ್ಟಿತು. 1962ರ ರಾಷ್ಟ್ರೀಯ ಕ್ಷಯ ಕಾರ್ಯಕ್ರಮದ ಅಡಿಗಲ್ಲು ತುಮಕೂರಿನ ಮಣ್ಣಿನಲ್ಲಿದೆ. 1961ರಿಂದ ಏಳು ವರ್ಷ ಬೆಂಗಳೂರು ಜಿಲ್ಲೆಯ 119 ಹಳ್ಳಿಗಳಲ್ಲಿ ಇದೇ ಸಂಸ್ಥೆ ನಡೆಸಿದ ಅಧ್ಯಯನ ಮತ್ತೊಂದು ಘೋರ ಲೆಕ್ಕವನ್ನು ಬರೆದಿಟ್ಟಿತು: ಕ್ಷಯವನ್ನು ಅದರ ಪಾಡಿಗೆ ಬಿಟ್ಟರೆ ಐದು ವರ್ಷಗಳಲ್ಲಿ ರೋಗಿಗಳಲ್ಲಿ ನೂರಕ್ಕೆ 49 ಮಂದಿ ಸಾಯುತ್ತಾರೆ, 32 ಮಂದಿ ತಾವಾಗಿ ಚೇತರಿಸಿಕೊಳ್ಳುತ್ತಾರೆ, ಉಳಿದವರು ರೋಗಾಣುವನ್ನು ಉಗುಳುತ್ತ ಬದುಕಿರುತ್ತಾರೆ. ಲೋಕದ ಪಠ್ಯಗಳು ಉದ್ಧರಿಸುವ ಈ ಅಂಕಿಗಳ ಹಿಂದೆ ಇರುವುದು ನಮ್ಮದೇ ಊರುಗಳು.

ಆನಂತರದ ದಶಕದಲ್ಲಿ ಕ್ಷಯದ ವಿರುದ್ಧದ ಬಿಸಿಜಿ ಲಸಿಕೆಯ ಗೋಪುರವೂ ಬಿರುಕುಬಿಟ್ಟಿತು. ಚೆಂಗಲ್‌ಪಟ್ಟು ಜಿಲ್ಲೆಯಲ್ಲಿ 1968ರಲ್ಲಿ ಆರಂಭವಾದ ಬಿಸಿಜಿ ಪ್ರಯೋಗದಲ್ಲಿ ಎರಡೂವರೆ ಲಕ್ಷಕ್ಕೂ ಮಿಕ್ಕ ಜನರು ಪಾಲ್ಗೊಂಡರು. ಅಂತಹ ಬೃಹತ್ ಸಾಹಸವನ್ನು ಕ್ಷಯದ ಚರಿತ್ರೆ ಅದಕ್ಕೆ ಮುನ್ನ ಕಂಡಿರಲಿಲ್ಲ. ಬ್ರಿಟನ್ನಿನ ಶಾಲಾಬಾಲಕರನ್ನು ಕಾಪಾಡಿದ್ದ ಲಸಿಕೆ ಇಲ್ಲಿನ ವಯಸ್ಕರ ಶ್ವಾಸಕೋಶವನ್ನು ಕಾಪಾಡಲಿಲ್ಲವೆಂದು 1979ರಲ್ಲಿ ತೀರ್ಪು ಬಂದಾಗ ಅದನ್ನು ನಂಬಲು ಅನೇಕರ ಮನಸ್ಸು ಒಪ್ಪಲಿಲ್ಲ. ಹದಿನೈದು ವರ್ಷಗಳ ಎಣಿಕೆಯೂ ಅದನ್ನೇ ಸ್ಥಿರಪಡಿಸಿತು. ಹಸುಳೆಗಳ ಮಿದುಳಿಗೆ ಏರುವ ಕ್ಷಯದ ವಿರುದ್ಧ ಅದರ ಉಪಯೋಗ ಉಳಿದುಕೊಂಡಿತು, ಅಷ್ಟೆ. ಆ ನಿರಾಶೆಯ ನಡುವೆಯೇ ಪೂರ್ವ ಆಫ್ರಿಕದ ಪ್ರಯೋಗಗಳಲ್ಲಿ ರಿಫಾಂಪಿಸಿನ್ ಎಂಬ ಹೊಸ ದಳಪತಿ ಮೂಡಿಬಂದು, ಒಂದೂವರೆ ವರ್ಷದ ಚಿಕಿತ್ಸೆಯನ್ನು ಕಾಲಕ್ರಮದಲ್ಲಿ ಆರು ತಿಂಗಳಿಗೆ ಇಳಿಸಿತು. 1980ರ ಹೊತ್ತಿಗೆ ಜಗತ್ತು ನಿಟ್ಟುಸಿರುಬಿಟ್ಟಿತು. ಧನಿಕ ರಾಷ್ಟ್ರಗಳು ಕ್ಷಯದ ವಿಭಾಗಗಳನ್ನು ಮುಚ್ಚಿದವು, ಸಂಶೋಧಕರು ಬೇರೆ ವಿಷಯಗಳತ್ತ ಹೊರಳಿದರು. ಗೆದ್ದೆವೆಂದು ಶಿಬಿರ ಕಳಚುವ ರಾತ್ರಿಯೇ ಶತ್ರುವಿನ ದಾಳಿಗೆ ಪ್ರಶಸ್ತವೆಂಬುದನ್ನು ನಮ್ಮ ಪೂರ್ವಜರು ಎಷ್ಟೋ ಯುದ್ಧಗಳಲ್ಲಿ ಕಂಡಿದ್ದರು.

1981ರಲ್ಲಿ ಅಮೆರಿಕದಲ್ಲಿ ಕಾಣಿಸಿಕೊಂಡ ಏಡ್ಸ್ ಭಾರತಕ್ಕೆ ಬರಲಾರದೆಂದು ಇಲ್ಲಿನ ಗಣ್ಯರು ಹೇಳುತ್ತಿದ್ದ ಕಾಲದಲ್ಲಿ, ಮದರಾಸು ವೈದ್ಯಕೀಯ ಕಾಲೇಜಿನ ಪ್ರಾಧ್ಯಾಪಕಿ ಸುನೀತಿ ಸೊಲೊಮನ್ ತಮ್ಮ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ಅವರಿಗೆ ಪ್ರಬಂಧಕ್ಕಾಗಿ ಒಂದು ಕೆಲಸ ವಹಿಸಿದರು: ಲೈಂಗಿಕ ವೃತ್ತಿಯ ಮಹಿಳೆಯರ ರಕ್ತದಲ್ಲಿ ಏಡ್ಸ್ ತರುವ ಎಚ್‌ಐವಿ ವೈರಾಣು ಇದೆಯೇ ನೋಡಬೇಕು. ಕೈಗವಸಿಲ್ಲ, ತಕ್ಕ ಸಲಕರಣೆಯಿಲ್ಲ. ಸಂಗ್ರಹಿಸಿದ ಮಾದರಿಗಳನ್ನು ನಿರ್ಮಲಾ ತಮ್ಮ ಮನೆಯ ಫ್ರಿಜ್ಜಿನಲ್ಲಿ ಇಟ್ಟುಕೊಂಡರು. 1986ರ ಫೆಬ್ರವರಿಯಲ್ಲಿ ಅವನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ತುಂಬಿಕೊಂಡು ರಾತ್ರಿಯ ರೈಲಿನಲ್ಲಿ ಕಾಟ್ಪಾಡಿಗೆ, ಅಲ್ಲಿಂದ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿಗೆ ಒಯ್ದರು. ಪರೀಕ್ಷೆಯ ತಟ್ಟೆಯಲ್ಲಿ ಆರು ಗುಳಿಗಳು ಹಳದಿಗೆ ತಿರುಗಿದವು: ವೈರಾಣು ಭಾರತಕ್ಕೆ ಬಂದಾಗಿತ್ತು. ಜಗತ್ತಿನ ಅತ್ಯಂತ ಹಳೆಯ ವ್ಯಾಧಿಗೆ ಅತ್ಯಂತ ಹೊಸ ವ್ಯಾಧಿಯೊಡನೆ ಮೈತ್ರಿ ಏರ್ಪಟ್ಟದ್ದು ಹೀಗೆ. ಕ್ಷಯದ ಸೋಂಕು ತಗುಲಿದ ಆರೋಗ್ಯವಂತರಲ್ಲಿ ನೂರಕ್ಕೆ ಐದರಿಂದ ಹತ್ತು ಮಂದಿ ಮಾತ್ರ ಇಡೀ ಆಯುಷ್ಯದಲ್ಲಿ ರೋಗಿಗಳಾಗುತ್ತಾರೆ. ಉಳಿದವರ ಮೈಯ ಕಾವಲುಪಡೆ ರೋಗಾಣುವನ್ನು ಸೆರೆಯಲ್ಲಿಟ್ಟಿರುತ್ತದೆ. ಎಚ್‌ಐವಿ ಕೊಲ್ಲುವುದು ಆ ಕಾವಲುಗಾರರನ್ನೇ. ಸೆರೆಮನೆಯ ಬಾಗಿಲು ತೆರೆದೊಡನೆ, ಇಡೀ ಆಯುಷ್ಯದ ಆ ಅಪಾಯ ಒಂದೊಂದು ವರ್ಷಕ್ಕೂ ಎದುರಾಗುವಂತಾಯಿತು. ಆಫ್ರಿಕದ ದಕ್ಷಿಣಭಾಗದಲ್ಲಿ ಇವೆರಡು ಶಕ್ತಿಗಳು ಸೇರಿ ಒಂದು ಇಡೀ ಪೀಳಿಗೆಯ ತಾಯಿತಂದೆಯರನ್ನು ಸೂರೆಗೈದವು. ಉತ್ತರ ಕರ್ನಾಟಕದ ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳ ಊರುಗಳೂ ಆ ಬೆಂಕಿಯ ಝಳವನ್ನು ಬಲ್ಲವು.

ಪ್ರತಿದಾಳಿಯ ಮೊದಲ ವಿಜಯ 1994ರಲ್ಲಿ ಬಂತು. ಎಜೆಡ್‌ಟಿ ಎಂಬ ಮದ್ದನ್ನು ಗರ್ಭಿಣಿಗೂ ಹುಟ್ಟಿದ ಕೂಸಿಗೂ ಕೊಟ್ಟಾಗ, ತಾಯಿಯಿಂದ ಮಗುವಿಗೆ ಸೋಂಕು ದಾಟುವ ಪ್ರಮಾಣ ನೂರಕ್ಕೆ 25ರಿಂದ 8ಕ್ಕೆ ಇಳಿಯಿತು. 1996ರಲ್ಲಿ ಮೂರು ಮದ್ದುಗಳ ಕೂಟ ಸಾವಿನ ಹಾಸಿಗೆಯಿಂದ ಜನರನ್ನು ಎಬ್ಬಿಸಿತು. ಆದರೆ ಅದರ ಬೆಲೆ ವರ್ಷಕ್ಕೆ ಹತ್ತು ಸಾವಿರ ಡಾಲರನ್ನು ಮೀರಿತ್ತು. 2001ರಲ್ಲಿ ಮುಂಬಯಿಯ ಸಿಪ್ಲಾ ಕಂಪನಿಯ ಯೂಸುಫ್ ಹಮೀದ್ ಅದನ್ನೇ ವರ್ಷಕ್ಕೆ 350 ಡಾಲರಿಗೆ ಕೊಡುವುದಾಗಿ ಘೋಷಿಸಿದಾಗ ಜಗತ್ತಿನ ಔಷಧ ಸಾಮ್ರಾಟರ ಸಿಂಹಾಸನಗಳು ನಡುಗಿದವು. 2004ರ ಏಪ್ರಿಲ್ 1ರಿಂದ ಭಾರತ ಸರ್ಕಾರ ಈ ಚಿಕಿತ್ಸೆಯನ್ನು ಉಚಿತವಾಗಿ ಕೊಡಲಾರಂಭಿಸಿತು. 2011ರಲ್ಲಿ ಬಂದ ಇನ್ನೊಂದು ತೀರ್ಪಿನಲ್ಲಿ ನಮ್ಮವರ ಪಾಲೂ ಇದೆ. ಒಬ್ಬರಿಗೆ ಎಚ್‌ಐವಿ ಇದ್ದು ಮತ್ತೊಬ್ಬರಿಗೆ ಇಲ್ಲದ 1763 ಜೋಡಿಗಳು ಒಂಬತ್ತು ದೇಶಗಳಲ್ಲಿ ಆ ಪ್ರಯೋಗಕ್ಕೆ ಒಪ್ಪಿದ್ದರು. ಚೆನ್ನೈಯಲ್ಲಿ ಸುನೀತಿಯವರು ಕಟ್ಟಿದ ಸಂಸ್ಥೆಯೂ ಪುಣೆಯ ಕೇಂದ್ರವೂ ಅದರಲ್ಲಿ ಸೇರಿದ್ದವು. ಬೇಗನೆ ಚಿಕಿತ್ಸೆ ಪಡೆದವರ ಗುಂಪಿನಲ್ಲಿ ಸಂಗಾತಿಗೆ ಸೋಂಕು ದಾಟಿದ್ದು ಒಂದೇ ಒಂದು ಬಾರಿ, ತಡವಾಗಿ ಪಡೆದವರಲ್ಲಿ ಇಪ್ಪತ್ತೇಳು ಬಾರಿ. ರೋಗಿಯ ಚಿಕಿತ್ಸೆಯೇ ಸಂಗಾತಿಯ ರಕ್ಷಾಕವಚವೆಂದು ಸಾಬೀತಾಯಿತು. ಗಂಡನಿಂದ ಸೋಂಕು ಪಡೆದು, ಗಂಡನ ಮನೆಯಿಂದಲೇ ಹೊರದೂಡಲ್ಪಟ್ಟ ಎಷ್ಟು ಹೆಣ್ಣುಮಕ್ಕಳು ಈ ತೀರ್ಪಿಗೆ ಇಪ್ಪತ್ತು ವರ್ಷ ಮೊದಲೇ ಕಾಯುತ್ತಿದ್ದರೋ!

ಎರಡೂ ರೋಗಗಳು ಒಂದೇ ದೇಹದಲ್ಲಿ ಕೂಡಿದಾಗ ವೈದ್ಯನ ಸಂಕಟ ಬೇರೆ ಬಗೆಯದು. ಎರಡೂ ಮದ್ದುಗಳನ್ನು ಒಟ್ಟಿಗೆ ಕೊಟ್ಟರೆ ದೇಹ ತಾಳೀತೆ? ಮೊದಲು ಕ್ಷಯದ ಚಿಕಿತ್ಸೆ ಮುಗಿಸಿ ಆಮೇಲೆ ಎಚ್‌ಐವಿಯದನ್ನು ಹಿಡಿಯೋಣವೆಂದು ಅನೇಕರು ಕಾಯುತ್ತಿದ್ದರು, ಹಾಗೆ ಕಾಯುತ್ತಿರುವಾಗಲೇ ರೋಗಿ ತೀರಿಕೊಳ್ಳುತ್ತಿದ್ದ. ಗಾಂಧೀಜಿ ವಕೀಲರಾಗಿ ಬಾಳಿದ ಡರ್ಬನ್ ನಗರದಲ್ಲಿ, ಭಾರತೀಯ ಮೂಲದ ಸಲೀಂ ಅಬ್ದುಲ್ ಕರೀಂ ಮತ್ತು ಅವರ ಸಂಗಡಿಗರು 642 ರೋಗಿಗಳೊಡನೆ ಈ ಗಂಟನ್ನು ಬಿಡಿಸಿದರು. ಕ್ಷಯದ ಚಿಕಿತ್ಸೆಯ ನಡುವೆಯೇ ಎಚ್‌ಐವಿ ಮದ್ದನ್ನೂ ಆರಂಭಿಸಿದರೆ ಸಾವು ನೂರಕ್ಕೆ 56ರಷ್ಟು ತಗ್ಗುತ್ತದೆ. 2010ರಲ್ಲಿ ಪ್ರಕಟವಾದ ಈ ಫಲಿತಾಂಶದ ಬಳಿಕ ಕಾಯುವ ನೀತಿಗೆ ತೆರೆಬಿತ್ತು. ಅದೇ ವರ್ಷ ಸಲೀಂ ಅವರ ಪತ್ನಿ ಕುರೈಶಾ ಅಬ್ದುಲ್ ಕರೀಂ ಅವರ ಮುಂದಾಳತ್ವದಲ್ಲಿ ಪರೀಕ್ಷಿಸಿದ ಟೆನೊಫೊವಿರ್ ಜೆಲ್ ಹೆಣ್ಣುಮಕ್ಕಳಲ್ಲಿ ಸೋಂಕನ್ನು ನೂರಕ್ಕೆ 39ರಷ್ಟು ಕುಗ್ಗಿಸಿತೆಂಬ ವಾರ್ತೆಗೆ ವಿಯೆನ್ನಾದ ಮಹಾಸಮ್ಮೇಳನ ಹರ್ಷೋದ್ಗಾರ ಮಾಡಿತು. ಐದು ವರ್ಷಗಳ ಬಳಿಕ ಇನ್ನೂ ದೊಡ್ಡ ಪ್ರಯೋಗವೊಂದು ಆ ಪರಿಣಾಮವನ್ನು ಕಾಣಲಿಲ್ಲ. ಜೆಲ್‌ನ ಯುಗ ಉದಯಿಸುತ್ತಲೇ ಅಸ್ತಮಿಸಿತು. ಹೆಣ್ಣಿನ ಕೈಯಲ್ಲೇ ಇರುವ ರಕ್ಷೆಯೊಂದು ಬೇಕೆಂಬ ಆ ಹಂಬಲ ಮಾತ್ರ ಸಾಯಲಿಲ್ಲ: 2024ರಲ್ಲಿ, ವರ್ಷಕ್ಕೆ ಎರಡೇ ಬಾರಿ ಚುಚ್ಚುವ ಲೆನಾಕಪವಿರ್ ಪಡೆದ ದಕ್ಷಿಣ ಆಫ್ರಿಕ, ಉಗಾಂಡಗಳ 2134 ಯುವತಿಯರಲ್ಲಿ ಒಬ್ಬರಿಗೂ ಸೋಂಕು ತಗುಲಲಿಲ್ಲ.

ಇತ್ತ ಮದರಾಸು ತನ್ನದೇ ಕೂಸನ್ನು ತಾನೇ ಪರೀಕ್ಷಿಸಬೇಕಾದ ಘಳಿಗೆ ಬಂದಿತ್ತು. ದಿನವೂ ಮದ್ದು ನುಂಗುವುದು ಬಡವನಿಗೆ ಕಷ್ಟವೆಂದು, ವಾರಕ್ಕೆ ಎರಡೇ ದಿನ ಆರೋಗ್ಯ ಕಾರ್ಯಕರ್ತನ ಕಣ್ಣೆದುರೇ ಕೊಡುವ ಪದ್ಧತಿಯನ್ನು 1960ರ ದಶಕದಲ್ಲಿ ಲೋಕಕ್ಕೆ ಕೊಟ್ಟದ್ದು ಚೆಟ್‌ಪೇಟೆಯ ಇದೇ ಕೇಂದ್ರ. ಅದರ ಸಂತತಿಯೇ ವಾರಕ್ಕೆ ಮೂರು ದಿನದ ಡಾಟ್ಸ್; 1997ರಿಂದ 2006ರೊಳಗೆ ಅದು ಇಡೀ ಭಾರತವನ್ನು ವ್ಯಾಪಿಸಿತು, ಲಕ್ಷಾಂತರ ಜೀವಗಳನ್ನು ಉಳಿಸಿತು. ಆದರೆ ಎಚ್‌ಐವಿ ಪೀಡಿತ ದೇಹದಲ್ಲಿ, ಮದ್ದಿಲ್ಲದ ಆ ನಡುದಿನಗಳಲ್ಲಿ ರೋಗಾಣು ಮತ್ತೆ ತಲೆಯೆತ್ತುತ್ತಿದೆಯೆ ಎಂಬ ಶಂಕೆ ಹುಟ್ಟಿತು. ರಾಷ್ಟ್ರೀಯ ಕ್ಷಯ ಸಂಶೋಧನ ಸಂಸ್ಥೆಯೆಂದು ಹೆಸರು ಬದಲಿಸಿಕೊಂಡಿದ್ದ ಕೇಂದ್ರ, ದಕ್ಷಿಣ ಭಾರತದ 331 ರೋಗಿಗಳಲ್ಲಿ ಅದನ್ನು ತೂಗಿ ನೋಡಿತು. ದಿನವೂ ಮದ್ದು ಪಡೆದವರಲ್ಲಿ ನೂರಕ್ಕೆ 91 ಮಂದಿಗೆ, ವಾರಕ್ಕೆ ಮೂರು ದಿನ ಪಡೆದವರಲ್ಲಿ 77 ಮಂದಿಗೆ ಚಿಕಿತ್ಸೆ ಫಲಿಸಿತು. 2018ರಲ್ಲಿ ಈ ಅಂಕಿಗಳು ಅಚ್ಚಾಗುವ ಹೊತ್ತಿಗೆ ದೇಶವೇ ದೈನಂದಿನ ಚಿಕಿತ್ಸೆಗೆ ಹೊರಳಿತ್ತು. ತಾನು ಪಟ್ಟ ಕಟ್ಟಿದ ಪದ್ಧತಿಯನ್ನು ಅರ್ಧಶತಮಾನದ ಬಳಿಕ ಅದೇ ನಗರ, ಅದೇ ಸಂಸ್ಥೆ, ಅದೇ ನ್ಯಾಯವಿಧಾನದಿಂದ ಕೆಳಗಿಳಿಸಿತು. ವಂಶಾಭಿಮಾನದ ಮುಂದೆ ಸತ್ಯವನ್ನು ಬಲಿಗೊಟ್ಟ ರಾಜ್ಯಗಳ ಕಥೆಗಳೇ ತುಂಬಿರುವ ನಮ್ಮ ಚರಿತ್ರೆಯಲ್ಲಿ ಇಂತಹ ಉದಾಹರಣೆ ಅಪರೂಪ. ಆ ಸಂಸ್ಥೆಯ ಕೀರ್ತಿಗೆ ಇದಕ್ಕಿಂತ ಉಜ್ವಲವಾದ ಪತ್ರ ಬೇಕಿಲ್ಲ.

ಮದರಾಸಿನ ಮೊದಲ ಪ್ರಯೋಗದ ಇನ್ನೊಂದು ಅಂಶ ಅರವತ್ತು ವರ್ಷ ತೀರ್ಪಿಗೆ ಕಾಯಬೇಕಾಯಿತು. ಆರೋಗ್ಯಧಾಮದವರು ಚೆನ್ನಾಗಿ ಉಂಡು ಮೈದುಂಬಿಕೊಂಡಿದ್ದರು, ಕೇರಿಯವರು ಅರೆಹೊಟ್ಟೆಯಲ್ಲೇ ಗುಣಮುಖರಾಗಿದ್ದರು; ಮದ್ದಿನ ಮುಂದೆ ಆಹಾರ ನಿರ್ಣಾಯಕವಲ್ಲವೆಂದು 1961ರಲ್ಲಿ ಆ ಕೇಂದ್ರದವರು ಬರೆದರು. ಅಂಕಿಗಳು ಹೇಳಿದ್ದು ಅಷ್ಟು ಮಾತ್ರ. ಆದರೆ ಆಳುವವರ ಕಿವಿಗೆ ಅದು ಕ್ಷಯರೋಗಿಯ ಹಸಿವನ್ನು ಮರೆಯಬಹುದೆಂಬಂತೆ ಕೇಳಿಸಿತು. ತಲೆಮಾರುಗಳ ಕಾಲ ಕಾರ್ಯಕ್ರಮಗಳಲ್ಲಿ ಗುಳಿಗೆಗೆ ಇದ್ದ ಸ್ಥಾನ ಅನ್ನಕ್ಕೆ ಸಿಗಲಿಲ್ಲ. ಈ ಮರೆವನ್ನು ಪ್ರಶ್ನಿಸಿದವರು ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ ಮತ್ತು ಮಾಧವಿ ಭಾರ್ಗವ; ಅವರೊಡನೆ ನಿಂತದ್ದು ಚೆನ್ನೈಯ ಅದೇ ಸಂಶೋಧನ ಸಂಸ್ಥೆ. 2019ರಲ್ಲಿ ಅವರು ಹೋದದ್ದು ಜಾರ್ಖಂಡಿನ ನಾಲ್ಕು ಜಿಲ್ಲೆಗಳಿಗೆ, ಬಹುಮಟ್ಟಿಗೆ ಆದಿವಾಸಿಗಳ ಊರುಗಳಿಗೆ. 2800 ರೋಗಿಗಳಲ್ಲಿ ಐವರಿಗೆ ನಾಲ್ವರು ತೂಕಗುಂದಿದವರು. ಎಲ್ಲ ರೋಗಿಗಳಿಗೂ ತಿಂಗಳಿಗೆ ಹತ್ತು ಕಿಲೋದ ಆಹಾರದ ಬುಟ್ಟಿ ಸಂದಿತು. ಲಕೋಟೆಯ ತೀರ್ಪಿದ್ದದ್ದು ಅವರ ಮನೆಮಂದಿಯ ವಿಷಯದಲ್ಲಿ. ಒಂದು ಗುಂಪಿನ ಮನೆಗಳಲ್ಲಿ ಪ್ರತಿಯೊಬ್ಬರಿಗೂ ತಿಂಗಳಿಗೆ ಐದು ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ, ಜತೆಗೆ ಸೂಕ್ಷ್ಮ ಪೋಷಕಾಂಶದ ಗುಳಿಗೆ. ಕೋವಿಡ್‌ನ ಆ ಭೀಕರ ತಿಂಗಳುಗಳಲ್ಲಿಯೂ ಮೂಟೆಗಳು ಕಾಡುದಾರಿ ಹಿಡಿದು ಮನೆ ಸೇರಿದವು. 2023ರ ಆಗಸ್ಟಿನಲ್ಲಿ ಫಲಿತಾಂಶ ಪ್ರಕಟವಾಯಿತು. ಹತ್ತು ಸಾವಿರಕ್ಕೂ ಮೀರಿದ ಆ ಮನೆಮಂದಿಯಲ್ಲಿ, ಅಕ್ಕಿಬೇಳೆ ಪಡೆದವರಿಗೆ ಕ್ಷಯ ಬರುವುದು ನೂರಕ್ಕೆ 39ರಷ್ಟು ತಗ್ಗಿತ್ತು. ಕಫಪರೀಕ್ಷೆಯಲ್ಲಿ ದೃಢಪಡುವ, ಇತರರಿಗೆ ಹರಡಬಲ್ಲ ಕ್ಷಯವಂತೂ 48ರಷ್ಟು. ಮೊದಲ ಎರಡು ತಿಂಗಳಲ್ಲಿ ತೂಕ ಏರಿಸಿಕೊಂಡ ರೋಗಿಗಳಲ್ಲಿ ಸಾವು ಬಹಳ ವಿರಳವಾಗಿತ್ತು. ಚೆಂಗಲ್‌ಪಟ್ಟುವಿನಲ್ಲಿ ಎರಡೂವರೆ ಲಕ್ಷ ಜನರ ಮೇಲೆ ಸೋತ ಲಸಿಕೆಗೆ ಸಾಧ್ಯವಾಗದಿದ್ದುದನ್ನು ಅನ್ನ ಮತ್ತು ಬೇಳೆ ಮಾಡಿ ತೋರಿಸಿದ್ದವು. 2024ರ ನವೆಂಬರಿನಿಂದ ಕೇಂದ್ರ ಸರ್ಕಾರ ಕ್ಷಯರೋಗಿಯ ಪೋಷಣೆಗೆ ಕೊಡುವ ಮಾಸಿಕ ನೆರವನ್ನು 500 ರೂಪಾಯಿಗಳಿಂದ 1000ಕ್ಕೆ ಏರಿಸಿತು. ಮನೆಮಂದಿಗೂ ಆಹಾರದ ಬುಟ್ಟಿ ಕೊಡಿಸುವ ಹೊಣೆಯನ್ನು ನಿ-ಕ್ಷಯ ಮಿತ್ರರೆಂಬ ದಾನಿಗಳಿಗೆ ವಹಿಸಿತು. ಪ್ರಯೋಗ ಗೆದ್ದದ್ದು ಮನೆಯ ಪ್ರತಿ ತಲೆಗೂ ತಪ್ಪದೆ ಸಂದ ಅಕ್ಕಿಯಿಂದ. ಅದು ದಾನಿಗಳ ಮರ್ಜಿಗೆ ಬಿಟ್ಟ ವಿಷಯವಾಗದೆ, ಪಡಿತರ ಚೀಟಿಯ ಹಕ್ಕಿನಂತೆ ರೋಗಿಯ ಮನೆಗೆ ಸಲ್ಲಬೇಕು.